ದೇವೀರಮ್ಮನ ಬೆಟ್ಟಕ್ಕೆ ಅಂಗೈಯಲ್ಲೊಂದು ಬೆಳಕು

ದೀಪಾವಳಿ ಎಂದರೆ ಎಲ್ಲರಿಗೂ ಎಣ್ಣೆಸ್ನಾನ, ಹೊಸ ಸೀರೆ, ಕಜ್ಜಾಯ, ಪಟಾಕಿ. ಚಿಕ್ಕಮಗಳೂರು ಜಿಲ್ಲೆಯವರಾದ ನಮಗೆ ಇವೆಲ್ಲದರ ಜೊತೆಗೆ ದೇವೀರಮ್ಮನ ಬೆಟ್ಟವೂ ಉಂಟು. ಚಿಕ್ಕಮಗಳೂರು ತಾಲ್ಲೂಕಿನ ಮಲ್ಲೇನಹಳ್ಳಿಯ ಹತ್ತಿರ ಬಿಂಡಿಗದಲ್ಲಿ ದೇವೀರಮ್ಮನ ದೇವಸ್ಥಾನವಿದೆ. ಅದರ ಹಿಂದೆ ಚಂದ್ರದ್ರೋಣ ಪರ್ವತದ ಸಾಲಿನಲ್ಲಿ, ರಾಶಿ ಹಾಕಿದ ಭತ್ತದ ಹಾಗೆ ಮೇಲಕ್ಕೆ ಹೋಗುತ್ತಾ ಚೂಪಾಗುವ ಬೆಟ್ಟವೊಂದಿದೆ. ಅದರ ತುದಿಯಲ್ಲಿ ತಾಯಿಯ ಪುಟ್ಟ ಗುಡಿ. ಮಹಿಷಾಸುರನನ್ನು ಕೊಂದ ಮೇಲೆ ದೇವಿ ಕೋಪವಿಳಿದು ಶಾಂತಳಾಗಿ ನೆಲೆಸಿದ್ದು ಇಲ್ಲಿಯೇ ಎಂದು ಸ್ಥಳದವರು ಹೇಳುತ್ತಾರೆ. ಕೆಳಗಿನ ದೇವಸ್ಥಾನಕ್ಕೆ ಯಾವಾಗ ಬೇಕಾದರೂ ಹೋಗಬಹುದು. ಬೆಟ್ಟದ ಮೇಲಿನ ದರ್ಶನ ಮಾತ್ರ ವರ್ಷಕ್ಕೊಮ್ಮೆ, ನರಕ ಚತುರ್ದಶಿಯ ಸಮಯದಲ್ಲಿ.

ಈ ಬೆಟ್ಟಕ್ಕೆ ಮೆಟ್ಟಿಲುಗಳಿಲ್ಲ. ಮಣ್ಣು, ಕಲ್ಲು, ಹುಲ್ಲಿನ ನಡುವೆ ಕಾಲುದಾರಿ. ಬಹಳ ಮಂದಿ ಹರಕೆ ಹೊತ್ತು ಬರಿಗಾಲಿನಲ್ಲೇ ಹತ್ತುತ್ತಾರೆ. ಕೆಲವರು ಹೆಗಲ ಮೇಲೆ ಕಟ್ಟಿಗೆ, ಕೈಯಲ್ಲಿ ತುಪ್ಪ, ಬಟ್ಟೆ ಹಿಡಿದು ಬರುತ್ತಾರೆ. ಅದೆಲ್ಲ ಮೇಲೆ ಹೊತ್ತಿಸುವ ಜ್ಯೋತಿಗೆ. ಹಿಂದೆ ಮೈಸೂರಿನ ಅರಸರು ಈ ಬೆಟ್ಟದ ಬೆಳಕಿಗೆ ತಮ್ಮ ಅರಮನೆಯಿಂದಲೇ ಕೈಮುಗಿಯುತ್ತಿದ್ದರು ಎಂಬ ಮಾತೂ ನಮ್ಮ ಕಡೆ ಇದೆ.

ಇಷ್ಟೆಲ್ಲ ಬೆಳಕಿನ ಕತೆಯಿರುವ ಬೆಟ್ಟ ಹತ್ತುವುದು ಮಾತ್ರ ಕಗ್ಗತ್ತಲಿನಲ್ಲಿ! ಚತುರ್ದಶಿ ಎಂದರೆ ಅಮಾವಾಸ್ಯೆಯ ಹಿಂದಿನ ತಿಥಿಯಲ್ಲವೇ? ಆ ದಿನ ಚಂದ್ರ ಬೆಳಗಿನ ಜಾವ ಉಗುರಿನಷ್ಟು ತೆಳ್ಳಗೆ ಮೂಡುತ್ತಾನೆ, ಅಷ್ಟರಲ್ಲಿ ಸೂರ್ಯನೇ ಬಂದುಬಿಡುತ್ತಾನೆ. ತಿಂಗಳಿನಲ್ಲೇ ಅತಿ ಕಪ್ಪಾದ ರಾತ್ರಿಗಳಲ್ಲಿ ಅದೊಂದು. ಹೀಗಾಗಿ ದೇವೀರಮ್ಮನ ಬೆಟ್ಟದ ವಿಷಯ ಬರೆಯುವಾಗ ಬ್ಯಾಟರಿಯ ವಿಷಯ ಬರೆಯದೆ ಮುಗಿಸಲಾಗದು. ಅಂಗಡಿಯವರು ಇದನ್ನು ಟಾರ್ಚ್ ಎನ್ನಲಿ, ನಮ್ಮ ಕಡೆ ಬಾಯಲ್ಲಿ ಅದು ಬ್ಯಾಟ್ರಿಯೇ.

ಹೊರಟದ್ದು ಹೀಗೆ

ನಾವು ಹೋದದ್ದು 2023ರ ದೀಪಾವಳಿಗೆ. ಆ ವರ್ಷ ನವೆಂಬರ್ 12ರ ಭಾನುವಾರ ನರಕ ಚತುರ್ದಶಿ. ಕಡೂರಿನಿಂದ ಹೆಂಗಸರೇ ಆರು ಜನ ಸೇರಿದೆವು: ನಾನು, ಕಾಲೇಜಿಗೆ ಹೋಗುವ ನನ್ನ ಮಗಳು, ನನ್ನ ಓರಗಿತ್ತಿ (ನಾನು ಅಕ್ಕ ಎಂದೇ ಕರೆಯುವುದು), ನಮ್ಮ ಬೀದಿಯ ಟೀಚರಮ್ಮ, ಅವರ ತಂಗಿ, ಎದುರು ಮನೆಯ ಅಜ್ಜಿ. ಅಜ್ಜಿಗೆ ಕೆಳಗಿನ ದೇವಸ್ಥಾನದವರೆಗೆ ಮಾತ್ರ ಬರುವ ಆಸೆ. ಅಕ್ಕನಿಗೆ ಐವತ್ತೆಂಟು ದಾಟಿದೆ, ಮೊಣಕಾಲು ನೋವು ಬೇರೆ. ಆದರೂ "ಕಾಲು ನೋವು ದಿನಾ ಇರೋದೇ ಕಣೇ, ದೇವೀರಮ್ಮ ಕರೆಯೋದು ವರ್ಷಕ್ಕೊಂದ್ಸಲ" ಎಂದು ಹೊರಟೇಬಿಟ್ಟರು.

ಶನಿವಾರ ಸಂಜೆ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ನೀರು ತುಂಬಿ ಪೂಜೆ ಮುಗಿಸಿ, ಮನೆಯ ಗಂಡಸರಿಗೆ ಬೆಳಿಗ್ಗೆಯ ಎಣ್ಣೆ ಸೀಗೆಪುಡಿ ಎಲ್ಲಿದೆಯೆಂದು ಎರಡೆರಡು ಸಲ ಹೇಳಿ ಬಸ್ಸು ಹತ್ತಿದೆವು. ಬುತ್ತಿಗೆ ಚಪಾತಿ, ಚಟ್ನಿಪುಡಿ, ಕೋಡುಬಳೆ, ಹುಣಸೇಹಣ್ಣಿನ ಗೊಜ್ಜವಲಕ್ಕಿ. ಚಿಕ್ಕಮಗಳೂರಿನಲ್ಲಿ ಇಳಿದರೆ ಮಲ್ಲೇನಹಳ್ಳಿಗೆ ಜಾತ್ರೆಯ ಬಸ್ಸುಗಳು ಕಾದಿರುತ್ತವೆ.

ಹೊರಡುವ ಮೊದಲು ಮನೆಯಲ್ಲೊಂದು ಸಣ್ಣ ಚರ್ಚೆ ನಡೆಯಿತು. ನಮ್ಮ ಮನೆಯಲ್ಲಿ, ಬಹುಶಃ ನಿಮ್ಮ ಮನೆಯಲ್ಲೂ, ಬ್ಯಾಟರಿ ಇರುವುದು ಯಜಮಾನರ ದಿಂಬಿನ ಪಕ್ಕದಲ್ಲಿ. ಕರೆಂಟು ಹೋದರೆ ಅವರು ಅದನ್ನು ಹಿಡಿದು ಮೀಟರ್ ನೋಡಲು ಹೋಗುತ್ತಾರೆ. ನಾವು ಅಡಿಗೆಮನೆಯ ಕತ್ತಲೆಯಲ್ಲಿ ಬೆಂಕಿಪೆಟ್ಟಿಗೆಗೆ ತಡಕಾಡುತ್ತೇವೆ. ನಾನು ನನಗೇ ಅಂತ ಒಂದು ಸಣ್ಣ ಎಲ್‌ಇಡಿ ಬ್ಯಾಟರಿ ತಂದದ್ದನ್ನು ನೋಡಿ ನಮ್ಮವರು ನಕ್ಕರು. "ಅಷ್ಟೊಂದ್ ಜನ ಇರ್ತಾರೆ, ಯಾರದ್ದಾದ್ರೂ ಬೆಳಕು ಇದ್ದೇ ಇರುತ್ತೆ. ನಿನಗ್ಯಾಕೆ ಬೇರೆ ಬ್ಯಾಟ್ರಿ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ಬೆಟ್ಟದ ಮೇಲೆ.

ಬೆಟ್ಟದ ದಾರಿಯಲ್ಲಿ

ಅಜ್ಜಿಯನ್ನೂ ಅವರಿಗೆ ಜೊತೆಯಾಗಿ ಟೀಚರಮ್ಮನ ತಂಗಿಯನ್ನೂ ಕೆಳಗೆ ಬಿಟ್ಟು, ರಾತ್ರಿ ಒಂದು ಗಂಟೆಯ ಸುಮಾರಿಗೆ ನಾವು ನಾಲ್ವರು ಹತ್ತಲು ಶುರುಮಾಡಿದೆವು. ತಲೆಯೆತ್ತಿ ನೋಡಿದರೆ ಬೆಟ್ಟದ ಮೈಮೇಲೆ ಬೆಳಕಿನ ಸರ! ಯಾರೋ ಮುತ್ತಿನ ದಾರವನ್ನು ಸೊಟ್ಟಸೊಟ್ಟಗೆ ಇಳಿಬಿಟ್ಟ ಹಾಗೆ. ಹತ್ತಿರ ಹೋದರೆ ಒಂದೊಂದು ಮುತ್ತೂ ಒಂದೊಂದು ಬ್ಯಾಟರಿ ಅಥವಾ ಮೊಬೈಲ್ ಫೋನು.

ಒಬ್ಬರ ಹಿಂದೊಬ್ಬರು ಹತ್ತುವ ದಾರಿಯಲ್ಲಿ ಬೇರೆಯವರ ಬೆಳಕು ನಮಗೆ ಎಷ್ಟು ಉಪಯೋಗ? ಮುಂದಿನವರ ಬ್ಯಾಟರಿ ಅವರ ಕಾಲ ಮುಂದೆ ಬೀಳುತ್ತದೆ. ನಾವು ಆ ಜಾಗಕ್ಕೆ ಹೋಗುವ ಹೊತ್ತಿಗೆ ಆ ಬೆಳಕು ಮೇಲೆ ಹೋಗಿರುತ್ತದೆ. ಹಿಂದಿನವರ ಬೆಳಕಂತೂ ನಮ್ಮ ನೆರಳನ್ನೇ ತಂದು ನಮ್ಮ ಪಾದದ ಮುಂದೆ ಹಾಸುತ್ತದೆ. ಸರಿಯಾಗಿ ಕಾಲಿಡಬೇಕಾದ ಕಡೆಯೇ ಕಪ್ಪು! ನೂರು ದೀಪಗಳ ನಡುವೆ ಇದ್ದರೂ ನಮ್ಮ ಹೆಜ್ಜೆಗೆ ಬೇಕಾದ ಬೆಳಕು ನಮ್ಮ ಕೈಯಲ್ಲೇ ಇರಬೇಕು.

ಅರ್ಧ ದಾರಿಯಲ್ಲಿ ಹೊಸದುರ್ಗದ ಕಡೆಯ ಹೆಂಗಸೊಬ್ಬರು ನಮ್ಮ ಹಿಂದೆ ಬರುತ್ತಿದ್ದರು. ಒಂದು ಕೈಯಲ್ಲಿ ಹಣ್ಣುಕಾಯಿ ಬುಟ್ಟಿ, ಇನ್ನೊಂದು ಕೈಯಲ್ಲಿ ಮೊಬೈಲು. ಫೋನು ಸಂಜೆಯಿಂದ ಉರಿದು ಉರಿದು ಪಟ್ಟನೆ ಆರಿತು. ಮರುಕ್ಷಣವೇ ಎರಡು ಕಲ್ಲಿನ ಸಂದಿಗೆ ಅವರ ಕಾಲು ಸಿಕ್ಕಿ ಹೊರಳಿತು. ಮಗಳು ಬೆಳಕು ಹಿಡಿದಳು, ಟೀಚರಮ್ಮ ಪಕ್ಕಕ್ಕೆ ಕೂರಿಸಿ ಸೆರಗಿನಂಚಿನ ಬಟ್ಟೆ ಹರಿದು ಹಿಮ್ಮಡಿ ಗಂಟಿಗೆ ಬಿಗಿದು ಕಟ್ಟಿದರು. ಆಕೆಯ ಕಣ್ಣಲ್ಲಿ ನೀರು. ಅದು ನೋವಿಗಲ್ಲ. "ಮೂರು ವರ್ಷದ ಹರಕೆ ಕಣ್ರಮ್ಮಾ, ಇಲ್ಲಿವರೆಗೂ ಬಂದು ವಾಪಸ್ ಹೋಗಬೇಕಾಯ್ತಲ್ಲ" ಎಂಬ ಸಂಕಟಕ್ಕೆ. ಕೆಳಗಿಳಿಯುತ್ತಿದ್ದ ಇಬ್ಬರು ಹುಡುಗರು ಆಕೆಯನ್ನು ನಿಧಾನಕ್ಕೆ ಇಳಿಸಿಕೊಂಡು ಹೋದರು. ಆಕೆಯ ಹಣ್ಣುಕಾಯಿಯನ್ನು ಅಕ್ಕ ತಮ್ಮ ಬುಟ್ಟಿಯಲ್ಲಿಟ್ಟುಕೊಂಡು ಮೇಲೆ ಒಪ್ಪಿಸಿದರು.

ಮರುವರ್ಷ, 2024ರಲ್ಲಿ, ಮಳೆಗೆ ದಾರಿ ಕೆಸರಾಗಿ ಹಲವರು ಜಾರಿಬಿದ್ದು ಪೆಟ್ಟು ಮಾಡಿಕೊಂಡ ಸುದ್ದಿ ಪತ್ರಿಕೆಯಲ್ಲಿ ಓದಿದಾಗ ನನಗೆ ಆ ಹೊಸದುರ್ಗದ ತಾಯಿಯ ಮುಖವೇ ಕಣ್ಣಮುಂದೆ ಬಂತು.

ಐದು ಗಂಟೆಯ ಹೊತ್ತಿಗೆ ತುದಿ ಮುಟ್ಟಿದೆವು. ಮಂಜು, ಚಳಿ, ಕರ್ಪೂರ ತುಪ್ಪದ ಹೊಗೆ, ಹಣೆಗೆ ಕುಂಕುಮ. ದರ್ಶನ ಕ್ಷಣಮಾತ್ರ, ಆದರೆ ಮನಸ್ಸು ತುಂಬಿತು. ಬೆಳಕು ಹರಿದಾಗ ಕಂಡ ನೋಟವನ್ನು ಏನೆಂದು ಹೇಳಲಿ! ಸುತ್ತ ಹಸಿರು ಹುಲ್ಲಿನ ಬೆಟ್ಟಗಳ ಸಾಲು. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಇರುವುದೂ ಇದೇ ಸಾಲಿನಲ್ಲಿ. ಕೆಳಗೆ ಕಾಫಿತೋಟಗಳ ಮೇಲೆ ಹಾಲುಕ್ಕಿದ ಹಾಗೆ ಮಂಜು.

ನಮ್ಮ ನಾಲ್ಕು ಬ್ಯಾಟರಿಗಳು

ನಮ್ಮ ಗುಂಪಿನಲ್ಲಿದ್ದ ನಾಲ್ಕು ಬ್ಯಾಟರಿಗಳದ್ದೂ ನಾಲ್ಕು ಜಾತಿ.

ಅಕ್ಕ ತಂದದ್ದು ಮಾವನವರ ಕಾಲದ ಹಿತ್ತಾಳೆ ಬ್ಯಾಟರಿ, ಮೂರು ದಪ್ಪ ಸೆಲ್ಲಿನದು. ನೋಡಲು ಬಲು ಚೆಂದ, ತೂಕ ಮಾತ್ರ ಒರಳಿನ ಗುಂಡಿನ ಹಾಗೆ. ಅರ್ಧ ಗಂಟೆಯಲ್ಲೇ ಕೈ ಸೋತಿತು. ಬೆಳಕು ಹಳದಿಯಾಗಿ, ಆಮೇಲೆ ಕೆಂಪಾಗಿ, ಕೆಂಡದಂತಾಯಿತು.

ಟೀಚರಮ್ಮ ತಂದದ್ದು ಚಾರ್ಜ್ ಮಾಡುವಂಥದ್ದು. ಒಂದು ಫರ್ಲಾಂಗು ದೂರ ಬೆಳಕು ಬೀರುತ್ತದೆಂದು ಅಂಗಡಿಯವನು ಹೊಗಳಿದ್ದನಂತೆ. ಅದು ನಿಜವೇ. ಆದರೆ ಬೆಟ್ಟದಲ್ಲಿ ಬೇಕಾದದ್ದು ಫರ್ಲಾಂಗು ದೂರದ ಬೆಳಕಲ್ಲ, ನಾಲ್ಕು ಹೆಜ್ಜೆ ಮುಂದಿನದು. ಎದುರು ಇಳಿಯುವವರ ಕಣ್ಣಿಗೆ ಅದು ಹೊಡೆದು "ಕೆಳಗೆ ಹಿಡೀರಮ್ಮಾ!" ಎಂದು ಬೈಸಿಕೊಂಡದ್ದೇ ಬಂತು. ಅದರ ಗುಂಡಿ ಒಂದು ಸಲ ಒತ್ತಿದರೆ ಜೋರು, ಎರಡು ಸಲಕ್ಕೆ ಸಣ್ಣ, ಮೂರು ಸಲಕ್ಕೆ ಪೊಲೀಸ್ ಜೀಪಿನ ಹಾಗೆ ಪಕಪಕ. ಕತ್ತಲಲ್ಲಿ ಹತ್ತಿಸುವಾಗಲೆಲ್ಲ ಪಕಪಕವೇ ಮೊದಲು ಬಂದು ನಾವು ನಕ್ಕು ನಕ್ಕು ಸುಸ್ತಾದೆವು.

ಮಗಳದು ಹಣೆಗೆ ಪಟ್ಟಿಯಲ್ಲಿ ಕಟ್ಟಿಕೊಳ್ಳುವ ದೀಪ. ಎರಡು ಕೈಗಳೂ ಬಿಡುವಾಗಿರುತ್ತವೆ, ಬಂಡೆ ಹಿಡಿದು ಹತ್ತಲು ಇದಕ್ಕಿಂತ ಒಳ್ಳೆಯದಿಲ್ಲ. ಯಾರನ್ನಾದರೂ ಮಾತಾಡಿಸಲು ತಿರುಗಿದರೆ ಮಾತ್ರ ಅವರ ಮುಖಕ್ಕೇ ಬೆಳಕು ಬೀಳುತ್ತದೆ. ಆಗ ಅದನ್ನು ಕೆಳಕ್ಕೆ ಬಾಗಿಸಬೇಕು.

ನನ್ನದು ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ 150 ರೂಪಾಯಿಗೆ ಕೊಂಡದ್ದು. ಅಂಗೈಯಷ್ಟು ಉದ್ದ, ಲಟ್ಟಣಿಗೆಯ ಹಿಡಿಯಷ್ಟು ದಪ್ಪ. ಒಳಗೆ ಗೋಡೆ ಗಡಿಯಾರದ ಸೆಲ್ಲಿಗಿಂತ ತೆಳ್ಳಗಿನ ಮೂರು ಸೆಲ್ಲು. ಹಿಂಬದಿಯ ದಾರಕ್ಕೆ ಕೈ ತೂರಿಸಿ ಮಣಿಕಟ್ಟಿಗೆ ಹಾಕಿಕೊಂಡಿದ್ದೆ. ಎರಡು ಸಲ ಕೈಜಾರಿದರೂ ಕೆಳಗೆ ಬೀಳಲಿಲ್ಲ. ಇಳಿಯುವಾಗ ಕತ್ತಲಿದ್ದಷ್ಟು ದೂರ ಅಕ್ಕನ ಕೈಗೆ ಅದನ್ನೇ ಕೊಟ್ಟು, ನಾನು ಮಗಳ ಪಕ್ಕ ನಡೆದೆ.

ಈ ಪುಟ್ಟ ದೀಪದ ಗುಟ್ಟೇನು?

ಹಳೆಯ ಬಲ್ಬಿನಲ್ಲಿ ಕೂದಲಿನಂಥ ತಂತಿ ಕಾದು ಕೆಂಪಾಗಿ ಬೆಳಕು ಕೊಡುತ್ತಿತ್ತು. ಸೆಲ್ಲಿನ ಶಕ್ತಿಯ ಬಹುಪಾಲು ಬಿಸಿಯಾಗಿಯೇ ಹಾಳು. ಕೈತಪ್ಪಿ ಬಿದ್ದರೆ ತಂತಿ ತುಂಡು. ಎಲ್‌ಇಡಿಯಲ್ಲಿ ತಂತಿಯೇ ಇಲ್ಲ. ಸಾಸಿವೆಯಷ್ಟು ಚಿಕ್ಕ ಹರಳಿನೊಳಗೆ ವಿದ್ಯುತ್ತು ಹರಿದಾಗ ನೇರವಾಗಿ ಬೆಳಕು ಹುಟ್ಟುತ್ತದೆ. ಆದ್ದರಿಂದಲೇ ಸಣ್ಣ ಸೆಲ್ಲಿನಲ್ಲೂ ಬಹಳ ಹೊತ್ತು ಉರಿಯುತ್ತದೆ.

ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ನೀಲಿ ಬೆಳಕು ತರಿಸಲು ಮಾತ್ರ ವಿಜ್ಞಾನಿಗಳು ಮತ್ತೆ ಮೂವತ್ತು ವರ್ಷ ಹೆಣಗಿದರು. ಕೊನೆಗೆ ಅದನ್ನು ಸಾಧಿಸಿದ ಜಪಾನಿನಲ್ಲಿ ಹುಟ್ಟಿದ ಮೂವರಿಗೆ, ಇಸಾಮು ಅಕಸಾಕಿ, ಹಿರೋಷಿ ಅಮಾನೊ ಮತ್ತು ಶೂಜಿ ನಕಮುರ ಅವರಿಗೆ, 2014ರಲ್ಲಿ ನೊಬೆಲ್ ಬಹುಮಾನ ಬಂತು. ನೀಲಿ ಸಿಕ್ಕ ಮೇಲೆ ಬಿಳಿ ಸುಲಭವಾಯಿತು. ನೀಲಿ ಹರಳಿನ ಮೇಲೆ ಹಳದಿ ಪುಡಿಯ ಲೇಪ ಕೊಟ್ಟರೆ ಎರಡೂ ಸೇರಿ ಕಣ್ಣಿಗೆ ಬಿಳಿ ಬೆಳಕು. ಆರಿಸಿದ ಬ್ಯಾಟರಿಯ ಮೂತಿಯನ್ನು ಹಗಲಲ್ಲಿ ನೋಡಿ, ಅರಿಶಿನದ ಬೊಟ್ಟಿನ ಹಾಗೆ ಹಳದಿ ಚುಕ್ಕೆ ಕಾಣುತ್ತದೆ. ಕೆನ್ನೆಗೆ ಅರಿಶಿನ ಹಚ್ಚುವ ನಮಗೆ ಇದು ಮರೆಯುವ ವಿಷಯವಲ್ಲ!

ಕೊಳ್ಳುವಾಗ ನೋಡಬೇಕಾದದ್ದು

ಬೆಳಕನ್ನು ಲ್ಯೂಮೆನ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಮೇಣದ ಬತ್ತಿ ಸುಮಾರು 12 ಲ್ಯೂಮೆನ್. ಮನೆಯೊಳಗೆ ಅಷ್ಟೇ ಸಾಕು, ದಾರಿ ನಡೆಯಲು 50ರಿಂದ 100 ಇದ್ದರೆ ಧಾರಾಳ. ಡಬ್ಬಿಯ ಮೇಲೆ ಸಾವಿರಗಟ್ಟಲೆ ಬರೆದಿದ್ದರೆ ಮರುಳಾಗಬೇಡಿ.

ಎಲ್ಲರಿಗೂ ಸಿಗುವ ಮಾಮೂಲಿ ಸೆಲ್ಲಿನದನ್ನೇ ಕೊಳ್ಳಿ. ಯಾವ ಹಳ್ಳಿಯ ಗೂಡಂಗಡಿಯಲ್ಲೂ ಸಿಗುತ್ತದೆ. ಚಾರ್ಜ್ ಮಾಡುವಂಥದ್ದನ್ನು ಕೊಂಡರೆ ಉಪಯೋಗಿಸದಿದ್ದರೂ ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿಡಬೇಕು, ಪೂರ್ತಿ ಖಾಲಿಯಾಗಿ ಬಿಟ್ಟರೆ ಸತ್ತೇಹೋಗುತ್ತದೆ. ಹಾಸಿಗೆಯ ಮೇಲೆ, ಬಟ್ಟೆಗಳ ನಡುವೆ ಇಟ್ಟು ಚಾರ್ಜ್ ಮಾಡಬೇಡಿ.

ಅಂಗಡಿಯಲ್ಲೇ ಕಣ್ಣುಮುಚ್ಚಿ ಗುಂಡಿ ಒತ್ತಿ ನೋಡಿ. ಮೊದಲ ಒತ್ತಿಗೇ ಹತ್ತಬೇಕು. ಬೆಳಕಿನ ವೃತ್ತ ಅಗಲವಾಗಿ, ಅಂಚು ಮೆತ್ತಗೆ ಇರಲಿ. ಸಣ್ಣ ಬೆಳಕಿನ ಏರ್ಪಾಡೂ ಇದ್ದರೆ ಬಹಳ ಒಳ್ಳೆಯದು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಸಲ ಜೋರು ಬೆಳಕು ನೋಡಿದರೆ ಅಷ್ಟೂ ಕಾದದ್ದು ದಂಡ.

ಹಳೆ ಸೆಲ್ಲು ಹೊಸ ಸೆಲ್ಲು ಬೆರೆಸಬೇಡಿ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಸೆಲ್ಲು ತೆಗೆದಿಡಿ, ಇಲ್ಲದಿದ್ದರೆ ಸೋರಿ ಒಳಗೆಲ್ಲ ತುಕ್ಕು. ತೀರಿದ ಸೆಲ್ಲನ್ನು ಒಲೆಗಾಗಲಿ ತಿಪ್ಪೆಗಾಗಲಿ ಹಾಕದೆ ಬೇರೆಯಾಗಿ ಕೂಡಿಟ್ಟು ಕಸದ ಗಾಡಿಯವರಿಗೆ ಬೇರೆಯಾಗಿಯೇ ಕೊಡಿ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ಬೀಗದ ಕೈಗೊಂಚಲಿಗೆ ಹಾಕುವ ಅತಿ ಚಿಕ್ಕ ದೀಪಗಳಲ್ಲಿ ನಾಣ್ಯದಂಥ ಚಪ್ಪಟೆ ಸೆಲ್ಲು ಇರುತ್ತದೆ. ಮಗು ಅದನ್ನು ನುಂಗಿದರೆ ಅನ್ನನಾಳಕ್ಕೆ ಸಿಕ್ಕಿಕೊಂಡು ಎರಡು ಗಂಟೆಯೊಳಗೇ ಸುಟ್ಟು ಗಾಯ ಮಾಡಬಲ್ಲದು. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಮನೆಮದ್ದು ಮಾಡುತ್ತಾ ಕೂರದೆ, ವಾಂತಿ ಮಾಡಿಸದೆ, ನೇರ ಆಸ್ಪತ್ರೆಗೆ ಓಡಬೇಕು. ಚಿಕ್ಕ ಮಕ್ಕಳಿರುವ ಮನೆಗೆ ಅಂಥ ದೀಪ ಬೇಡವೇ ಬೇಡ.

ಮುಂದೆ ಹೋಗುವವರಿಗೆ

ಬೆಟ್ಟ ಹತ್ತಲು ಯಾವ ದಿನ, ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂಬುದನ್ನು ಆಯಾ ವರ್ಷ ಜಿಲ್ಲಾಡಳಿತ ಪ್ರಕಟಿಸುತ್ತದೆ, ಅದನ್ನು ವಿಚಾರಿಸಿಯೇ ಹೊರಡಿ. ಮಾಣಿಕ್ಯಧಾರಾ ಕಡೆಯಿಂದಲೂ ಜನ ಬರುತ್ತಾರೆ. ಮೊದಲ ಸಲ ಹೋಗುವವರು ಮಲ್ಲೇನಹಳ್ಳಿಯ ಕಡೆಯಿಂದಲೇ ಹೋಗಿ, ದೇವಸ್ಥಾನಕ್ಕೆ ನಮಸ್ಕರಿಸಿ ಹತ್ತಿದರೆ ಒಳ್ಳೆಯದು. ಮಳೆಯಿದ್ದರೆ ಹಟ ಮಾಡಬೇಡಿ. ಕೆಳಗಿನಿಂದ ಕೈಮುಗಿದರೂ ತಾಯಿ ತಾಯಿಯೇ. ಸೀರೆಯ ನೆರಿಗೆ ಕಾಲಿಗೆ ತೊಡರದಂತೆ ಎತ್ತಿ ಸಿಕ್ಕಿಸಿ. ಬೆಚ್ಚಗಿನ ಶಾಲು, ನೀರು, ಒಂದು ಉದ್ದನೆಯ ಹಳೆ ಬಟ್ಟೆ ಇರಲಿ. ಮೊಬೈಲನ್ನು ಮನೆಗೆ ಫೋನು ಮಾಡಲು ಉಳಿಸಿಕೊಳ್ಳಿ, ದಾರಿಗೆ ತಲೆಗೊಂದು ಬ್ಯಾಟರಿ ಇರಲಿ. ಬೆಳಕು ಯಾವಾಗಲೂ ನೆಲಕ್ಕೆ, ಎದುರಿನವರ ಮುಖಕ್ಕಲ್ಲ.

ಮನೆಯಲ್ಲಿ ದಿನದಿನವೂ

ಬೆಟ್ಟಕ್ಕೆ ವರ್ಷಕ್ಕೊಮ್ಮೆ ಹೋಗಬಹುದು, ಹಿತ್ತಲಿಗೆ ದಿನಾ ಹೋಗಬೇಕಲ್ಲ! ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಬಚ್ಚಲು, ಪಾಯಿಖಾನೆ, ಕೊಟ್ಟಿಗೆ, ಸೌದೆ ರಾಶಿ ಎಲ್ಲ ಹಿತ್ತಲಿನಲ್ಲೇ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿರುವರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು. ಅಷ್ಟು ದೊಡ್ಡ ವಿಷಯಕ್ಕೆ ನಮ್ಮ ಕೈಲಾಗುವ ಚಿಕ್ಕ ಪರಿಹಾರ ಕಾಲಿಗೆ ಚಪ್ಪಲಿ, ಕೈಗೆ ಬೆಳಕು. ಸೌದೆ ಎಳೆಯುವ ಮೊದಲು, ಹುಲ್ಲಿನ ಕಟ್ಟಿಗೆ ಕೈಹಾಕುವ ಮೊದಲು ಒಮ್ಮೆ ಬೆಳಕು ಬಿಟ್ಟು ನೋಡುವುದು ಎಷ್ಟು ಹೊತ್ತಿನ ಕೆಲಸ?

ಮಕ್ಕಳ ಗಂಟಲು ಕೆಂಪಾಗಿದೆಯೇ ನೋಡಲು, ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಹುಡುಕಲು, ಅಕ್ಕಿ ಡಬ್ಬದ ತಳದಲ್ಲಿ ಹುಳು ಇದೆಯೇ ತಿಳಿಯಲು ಈ ಪುಟ್ಟ ದೀಪ ನನಗೆ ಈಗ ಸೌಟಿನಷ್ಟೇ ಬೇಕಾದ ವಸ್ತು. ಅದರ ಜಾಗ ಯಾರ ದಿಂಬಿನ ಪಕ್ಕವೂ ಅಲ್ಲ. ಅಡಿಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ, ಕತ್ತಲಲ್ಲೂ ಕೈಗೆ ಸಿಗುವ ಹಾಗೆ ನೇತುಹಾಕಿದ್ದೇನೆ.

ಅಕ್ಕನಿಗೂ ಅಂಥದ್ದೇ ಒಂದು ತಂದುಕೊಟ್ಟೆ. ಹೋದ ಮಳೆಗಾಲದಲ್ಲಿ ಅವರ ಮನೆಯ ಹಸು ನಡುರಾತ್ರಿ ಕರು ಹಾಕಿತು. ಭಾವನವರು ಊರಿನಲ್ಲಿರಲಿಲ್ಲ, ಕರೆಂಟೂ ಇರಲಿಲ್ಲ. ಅಕ್ಕ ಬ್ಯಾಟರಿಯನ್ನು ಮಣಿಕಟ್ಟಿಗೆ ಹಾಕಿಕೊಂಡು ಒಬ್ಬರೇ ಕೊಟ್ಟಿಗೆಗೆ ಹೋಗಿ, ಕರುವಿನ ಮೂತಿ ಒರೆಸಿ, ಹಸುವಿಗೆ ಬಿಸಿನೀರು ಬೆಲ್ಲ ಕೊಟ್ಟು ಬಂದರಂತೆ. ಬೆಳಿಗ್ಗೆ ಫೋನು ಮಾಡಿದಾಗ ಮೊದಲು ಹೇಳಿದ್ದು ಕರುವಿನ ವಿಷಯ, ಆಮೇಲೆ ಹೇಳಿದ್ದು ಇದು: "ಯಾರನ್ನೂ ಎಬ್ಬಿಸಲಿಲ್ಲ ಕಣೇ, ಯಾರಿಗೂ ಕಾಯಲಿಲ್ಲ."